ಕಾಡಪ್ಪ ಪಂಪು ತೊಳೆದ ನೀರು

ಮುರಗೋಡದ ಕಾಡಪ್ಪ ಹಳ್ಳದಲ್ಲಿ ಪಂಪು ತೊಳೆಯುವುದನ್ನು ಬಿಟ್ಟದ್ದು ೧೯೭೪ರಲ್ಲಿ. ಊರವರ ಹತ್ತಿ ಬೆಳೆಗೆ ಕೀಟನಾಶಕ ಹೊಡೆಯುವುದು ಅವನ ಕೆಲಸ. ವಿಷವನ್ನು ಮನೆಗೆ ಒಯ್ಯಬಾರದೆಂದು ದಿನಾ ಸಂಜೆ ಪಂಪನ್ನು ಹಳ್ಳದಲ್ಲೇ ತೊಳೆಯುತ್ತಿದ್ದ. ಒಂದು ಸಂಜೆ ಅಲ್ಲಿ ಮೀನು ಸತ್ತು ತೇಲಿದವು. ಹಾಗಾದರೆ ಈ ನೀರು ಹೋಗಿ ಮುಟ್ಟುವುದೆಲ್ಲಿಗೆ? ಪ್ರಶ್ನೆ ಹುಟ್ಟಿದರೆ ಅವನಿಗೆ ರೊಟ್ಟಿ ಇಳಿಯದು. ಮರುದಿನವೇ ಶಾಲೆಗೆ ಹೋಗಿ ನಿಜಗುಣಪ್ಪ ಮಾಸ್ತರರನ್ನು ಕೇಳಿದ.

“ಮಲಪ್ರಭಾಕ್ಕ, ಅಲ್ಲಿಂದ ಕೃಷ್ಣಾಕ್ಕ, ಕಡಿಗೆ ಮೂಡಲ ಸಮುದ್ರಕ್ಕ.”

“ನಾವು ತಿನ್ನೂ ಉಪ್ಪೂ ಸಮುದ್ರದ್ದ ಅಲ್ರಿ?”

ಮಾಸ್ತರರು ನಕ್ಕರು. “ಅಂಜಬ್ಯಾಡೋ ಕಾಡಪ್ಪಾ, ಅದು ಪಡುವಲ ಸಮುದ್ರದ್ದು.”

ಕಾಡಪ್ಪ ಗೋಡೆಯ ನಕಾಶೆಯನ್ನೇ ದಿಟ್ಟಿಸಿದ. ಎರಡೂ ಕಡೆಯ ನೀಲಿ ಕೆಳಗೆ ಬಂದು ಒಂದಾಗಿತ್ತು.

“ನಡುವ ಒಡ್ಡು ಎಲ್ಲಿ ಹಾಕ್ಯಾರ್ರೀ, ಮಾಸ್ತರ?”