ಹಿಕ್ಕೆಯಕ್ಕನ ಸಿಟ್ಟು

ಬೆಳಿಗ್ಗೆ ಆರು ಗಂಟೆ. ಪ್ರಾಣಿಗಳ ಆಸ್ಪತ್ರೆಯ ಹಿಂಬಾಗಿಲ ಬೀಗ ತೆಗೆದು ಒಳಬರುವ ಈ ಹೆಂಗಸು ಮೊದಲು ಪೊರಕೆ ಹಿಡಿಯುವುದಿಲ್ಲ. ಚಪ್ಪಲಿ ಬಿಟ್ಟು, ತೋಳು ಮಡಚಿ, ಕೊನೆಯ ಸಾಲಿನ ಒಂಬತ್ತನೇ ಗೂಡಿನ ಮುಂದೆ ಮಂಡಿಯೂರುತ್ತಾರೆ. ಗೂಡಿನ ತಳದ ತಗಡಿನ ಟ್ರೇಯನ್ನು ಸದ್ದಾಗದಂತೆ ಎಳೆಯುತ್ತಾರೆ. ಬೆಂಕಿಕಡ್ಡಿಯ ತುದಿಯಿಂದ ಮೊಲದ ಹಿಕ್ಕೆಗಳನ್ನು ಐದೈದಾಗಿ ಒಂದು ಬದಿಗೆ ಸರಿಸುತ್ತ ತುಟಿಯೊಳಗೇ ಎಣಿಸುತ್ತಾರೆ. ನಡುವೆ ಒಂದನ್ನು ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ: ಅರವತ್ತೆರಡು.

ಗೂಡಿನ ಮೂಲೆಯಲ್ಲಿ ಬೂದು ಬಣ್ಣದ ಗಂಡು ಮೊಲವೊಂದು ಕಿವಿ ನಿಮಿರಿಸಿ ಅವರನ್ನೇ ನೋಡುತ್ತಿದೆ. ಅದರ ಹೆಸರು ದೊರೆ. ದೊರೆಯನ್ನು ಟವೆಲಿನಲ್ಲಿ ಸುತ್ತಿ, ಬೆನ್ನನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಒಣಹುಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿದ ಗಂಜಿ ಸಿರಿಂಜಿನಲ್ಲಿದೆ. ಸಿರಿಂಜಿನ ತುದಿ ಬಾಯಿಯ ನೇರಕ್ಕೆ ಹೋಗುವುದಿಲ್ಲ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಪಕ್ಕದಿಂದ ಒಳಸೇರುತ್ತದೆ. ಒಂದು ತೊಟ್ಟು ಬಿಟ್ಟು, ಅದು ಅಗಿದು ನುಂಗುವವರೆಗೆ ಕಾಯುತ್ತಾರೆ. ಮತ್ತೊಂದು ತೊಟ್ಟು. ಜ್ವರದ ಮಗುವಿಗೆ ಔಷಧಿ ಕುಡಿಸಿದ ಯಾರಿಗಾದರೂ ಈ ಕಾಯುವಿಕೆ ಗೊತ್ತು. ಹತ್ತು ಮಿಲಿಲೀಟರ್ ಒಳಗೆ ಹೋಗಲು ಇಪ್ಪತ್ತೈದು ನಿಮಿಷ ಬೇಕು.

ಇದು ಅಪರಾಧ. ಉತ್ಪ್ರೇಕ್ಷೆಯ ಮಾತಲ್ಲ, ಆಸ್ಪತ್ರೆಯ ಸುತ್ತೋಲೆಯ ಪ್ರಕಾರ ಇದು ಅಪರಾಧವೇ. ಇವರ ಕೆಲಸ ಗುಡಿಸುವುದು, ಒರೆಸುವುದು, ಟ್ರೇ ತೊಳೆಯುವುದು. ಪ್ರಾಣಿಯನ್ನು ಮುಟ್ಟುವಂತಿಲ್ಲ. ಮುಟ್ಟಿದ್ದೇಕೆ ಎಂದು ಇಂದು ಹತ್ತು ಗಂಟೆಗೆ ಲಿಖಿತ ಸಮಜಾಯಿಷಿ ಕೊಡಬೇಕು. ಅದು ಮ್ಯಾನೇಜರಿಗೆ ಒಪ್ಪಿಗೆಯಾಗದಿದ್ದರೆ ಅವರನ್ನು ಆಚೆ ಕಟ್ಟಡಕ್ಕೆ ಹಾಕುತ್ತಾರೆ. ಅಲ್ಲಿ ಕಚೇರಿಗಳಿವೆ, ಮೆಟ್ಟಿಲುಗಳಿವೆ. ಒಂದೇ ಒಂದು ಪ್ರಾಣಿಯಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಿಕ್ಕೆಯಕ್ಕ ಎಂದು. ಹೀಯಾಳಿಸಲು ಇಟ್ಟ ಹೆಸರು ಅದು. "ಇಡೋವಾಗ ನಕ್ಕರು. ಈಗ ನಾನೇ ಹಾಗೆ ಹೇಳ್ಕೋತೀನಿ. ನಗೋಕೆ ಏನೂ ಉಳಿದಿಲ್ಲ ಅವರಿಗೆ," ಎನ್ನುತ್ತಾರೆ.

ಅವರ ಸಿಟ್ಟಿನ ಮೂಲ ಗೂಡಿಗೆ ನೇತುಹಾಕಿರುವ ಒಂದು ಚೀಟಿ. ಪ್ರತಿ ಗೂಡಿಗೂ ಒಂದೊಂದು ಚೀಟಿ, ದಿನಕ್ಕೆರಡು ಸಲ ತುಂಬಬೇಕು. ಪ್ರಾಣಿ ಹೇಗಿದೆ ಎನ್ನುವುದಕ್ಕೆ ಗುರುತು ಹಾಕುವ ಮೂರು ಮನೆಗಳಿವೆ: ಶಾಂತ, ಗಲಾಟೆ, ಕಚ್ಚುತ್ತದೆ. ಕೆಳಗೆ ಇನ್ನೆರಡು: ಗೂಡು ಸ್ವಚ್ಛ, ಗೂಡು ಕೊಳಕು. ನಾಯಿಗಳನ್ನು ನೋಡಿ ಮಾಡಿದ ಚೀಟಿ ಅದು. ನಾಯಿ ಶಾಂತವಾಗಿದ್ದರೆ, ಗೂಡು ಸ್ವಚ್ಛವಾಗಿದ್ದರೆ ಎಲ್ಲರಿಗೂ ಸಂತೋಷ. ಮೊಲದ ವಿಷಯ ಹಾಗಲ್ಲ. ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವ ಅದು. ನೋವಾದರೆ ಕೂಗುವುದಿಲ್ಲ, ಮುದುಡಿ ಕೂರುತ್ತದೆ. ಕರುಳು ನಿಂತುಹೋದರೆ ಹಿಕ್ಕೆ ಹಾಕುವುದಿಲ್ಲ. ಅಂದರೆ ಸಾಯುತ್ತಿರುವ ಮೊಲದ ಚೀಟಿಯಲ್ಲಿ ಬರುವ ಎರಡು ಗುರುತು ಯಾವುವು? ಶಾಂತ. ಸ್ವಚ್ಛ.

"ಗುಡಿಸೋಳು ನಾನು. ಟ್ರೇ ಖಾಲಿ ಇದ್ರೆ ನನಗೇ ಅಲ್ವಾ ಕೆಲಸ ಕಮ್ಮಿ? ಆದ್ರೂ ಮೊಲದ ಗೂಡು ಸ್ವಚ್ಛ ಕಂಡ್ರೆ ನನ್ನ ಹೊಟ್ಟೇಲಿ ಬೆಂಕಿ ಬೀಳುತ್ತೆ. ಓದಿದೋರಿಗೆ ಯಾಕೆ ಬೀಳಲ್ಲ?"

ಈ ಪ್ರಶ್ನೆಗೆ ಬೆಲೆ ತೆತ್ತದ್ದು ನಾಲ್ಕನೇ ಗೂಡಿನ ಒಂದು ಬಿಳಿ ಮೊಲ. ಆರು ತಿಂಗಳ ಹಿಂದಿನ ಮಾತು. ಎರಡು ದಿನ ನಾಲ್ಕು ಸಲವೂ ಅದರ ಚೀಟಿಯಲ್ಲಿ ಶಾಂತ, ಸ್ವಚ್ಛ ಎಂದೇ ಗುರುತು ಬಿತ್ತು. ಹಿಕ್ಕೆಯಕ್ಕ ಕಾಂಪೌಂಡರಿಗೆ ಎರಡು ಸಲ ಹೇಳಿದರು. ಡಾಕ್ಟರು ಬಂದಾಗ ಹೇಳೋಣ ಎಂದ ಕಾಂಪೌಂಡರ್ ಹೇಳಲೇ ಇಲ್ಲ. ಮೂರನೆಯ ಬೆಳಿಗ್ಗೆ ಮೊಲ ಸೆಟೆದುಕೊಂಡು ಬಿದ್ದಿತ್ತು. ಅಂದು ಹಿಕ್ಕೆಯಕ್ಕ ಕಾರಿಡಾರಿನ ಮಧ್ಯೆ ನಿಂತು, ನಾಯಿಗಳೂ ಬೊಗಳುವುದನ್ನು ನಿಲ್ಲಿಸುವಷ್ಟು ಜೋರಾಗಿ ಬೈದರು. ಮಾರನೆಯ ದಿನ ಸುತ್ತೋಲೆ ಬಂತು. ಚೀಟಿ ಬದಲಾಗಲಿಲ್ಲ. ಸ್ವಚ್ಛತಾ ಸಿಬ್ಬಂದಿ ಪ್ರಾಣಿಗಳನ್ನು ಮುಟ್ಟಬಾರದು, ಚಿಕಿತ್ಸೆಯ ಬಗ್ಗೆ ಮಾತಾಡಬಾರದು ಎಂಬುದಷ್ಟೇ ಅದರಲ್ಲಿತ್ತು. ಮೂಗಿಗೆ ನೆಗಡಿಯಾದರೆ ಮೂಗನ್ನೇ ಕುಯ್ಯುವ ವೈದ್ಯಕ್ಕೆ ಈ ಲೋಕದಲ್ಲಿ ಎಂದೂ ಬರವಿಲ್ಲ.

ಹಿಕ್ಕೆಯಕ್ಕನಿಗೆ ಈಗ ನಲವತ್ತೊಂಬತ್ತು. ಇಲ್ಲಿಗೆ ಬರುವ ಮೊದಲು ಒಂದು ಸಿನಿಮಾ ಮಂದಿರದಲ್ಲಿ ಏಳು ವರ್ಷ ಗುಡಿಸಿದರು. ಇಲ್ಲಿ ಹನ್ನೊಂದು ವರ್ಷ. ಗುತ್ತಿಗೆ ಕೆಲಸ, ಪ್ರತಿ ವರ್ಷ ಹೊಸದಾಗಿ ಸೇರಿದಂತೆ ಲೆಕ್ಕ. ದಿನಕ್ಕೆ ಇಪ್ಪತ್ತೆಂಟು ಟ್ರೇ, ಮೂರು ಕೋಣೆ, ಒಂದು ಉದ್ದನೆಯ ಕಾರಿಡಾರು. ಬ್ಲೀಚಿಂಗ್ ಪುಡಿಯಿಂದ ಎರಡೂ ಅಂಗೈ ಬಿರುಕು ಬಿಟ್ಟಿವೆ. ಮೊಲ ಮುಟ್ಟುವ ಮುನ್ನ ಆ ಬಿರುಕಿಗೆ ಎಣ್ಣೆ ಸವರುತ್ತಾರೆ, ತಮ್ಮ ನೋವಿಗಲ್ಲ, ಅದರ ತುಪ್ಪಳ ಸಿಕ್ಕಿಕೊಳ್ಳದಿರಲಿ ಎಂದು. ಕಳೆದ ವರ್ಷ ಆಸ್ಪತ್ರೆಗೆ ಸ್ವಚ್ಛತೆಯ ಬಹುಮಾನ ಬಂತು. ಗೋಡೆಯ ಮೇಲಿನ ಫೋಟೋದಲ್ಲಿ ಏಳು ಜನ ನಗುತ್ತಿದ್ದಾರೆ. ಹಿಕ್ಕೆಯಕ್ಕ ಅದರಲ್ಲಿಲ್ಲ. ಫೋಟೋ ತೆಗೆಯುವಾಗ ಬಕೆಟ್ ಅಡ್ಡ ಬರುತ್ತಿದೆ, ಆಚೆ ತೆಗೆದುಕೊಂಡು ಹೋಗಮ್ಮ ಎಂದಿದ್ದರಂತೆ.

ಉಣಿಸುವ ವಿದ್ಯೆಯನ್ನು ಅವರಿಗೆ ಯಾರೂ ಇಲ್ಲಿ ಕಲಿಸಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆಗೆ ಮೂರು ವರ್ಷ ಚಮಚದಲ್ಲಿ ಉಣಿಸಿದವರು ಅವರು. ಬಾಯಿ ಬಿಗಿಹಿಡಿದವರ ಬಾಯಿಯನ್ನು ಬಲವಂತದಿಂದ ತೆರೆಸಬಾರದು, ಕೆನ್ನೆಯ ಬದಿಯಿಂದ ಕೇಳಿಕೊಳ್ಳಬೇಕು ಎಂದು ಗೊತ್ತಾದದ್ದು ಆಗಲೇ. "ನಮ್ಮತ್ತೆ ಇದಕ್ಕಿಂತ ಹಟಮಾರಿ. ಮೊಲ ಬೈಯಲ್ಲ, ಅಷ್ಟೇ ವ್ಯತ್ಯಾಸ."

ದೊರೆ ಬಂದದ್ದು ನಾಲ್ಕು ದಿನಗಳ ಹಿಂದೆ, ಸಂಜೆ. ತಂದವರು ಪಕ್ಕದ ಬೀದಿಯ ಟೈಲರ್, ಒಂಟಿ ಮನುಷ್ಯ. ಅಂಗಡಿಯಲ್ಲಿ ಅವರ ಹೊಲಿಗೆ ಯಂತ್ರದ ಕೆಳಗೇ ಮೊಲದ ವಾಸ. ಕತ್ತರಿಸಿ ಬಿದ್ದ ಬಟ್ಟೆಯ ಚೂರುಗಳನ್ನು ಅದು ಕದ್ದು ತಿಂದಿದ್ದು ಅವರಿಗೆ ತಿಳಿಯಲಿಲ್ಲ. ಮೇವು ಬಿಟ್ಟಾಗ, ಸೆಕೆಗೆ ಇರಬೇಕು ಎಂದುಕೊಂಡು ಒಂದೂವರೆ ದಿನ ಕಾದರು. ಈಗ ಆ ಒಂದೂವರೆ ದಿನವನ್ನು ನೆನೆದು ತಮಗೆ ತಾವೇ ಶಾಪ ಹಾಕಿಕೊಳ್ಳುತ್ತಾರೆ. ಅಂಗಿಯ ಅಳತೆ ಅರ್ಧ ಇಂಚು ತಪ್ಪಿದರೆ ನನಗೆ ಗೊತ್ತಾಗುತ್ತದೆ, ಕಾಲ ಬಳಿಯ ಜೀವ ಸೊರಗಿದ್ದು ಗೊತ್ತಾಗಲಿಲ್ಲ ಎಂದು ಅವರ ಕೊರಗು.

ಮರುದಿನ ಬೆಳಿಗ್ಗೆ ದೊರೆಯ ಟ್ರೇ ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು. ಮೊಲ ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ, ಹಲ್ಲು ಕಟಕಟ ಕಡಿಯುತ್ತಿತ್ತು. ಕಾಂಪೌಂಡರ್ ಬಂದರು, ನೋಡಿದರು, ಶಾಂತ ಎಂದು ಗುರುತು ಹಾಕಿದರು, ಸ್ವಚ್ಛ ಎಂದು ಗುರುತು ಹಾಕಿದರು. ಹಿಕ್ಕೆಯಕ್ಕ ಅಡ್ಡ ನಿಂತರು. ಇದರ ಕರುಳು ನಿಂತಿದೆ, ಡಾಕ್ಟರಿಗೆ ಈಗಲೇ ಹೇಳಿ ಎಂದರು.

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಶುರು ಮಾಡಿದ್ಯಾ ಬೆಳಿಗ್ಗೆ ಬೆಳಿಗ್ಗೇನೇ?" ಎಂದು ಕಾಂಪೌಂಡರ್ ನಕ್ಕರು.

"ಕಾಲು ನಾಲ್ಕೇ ಇದೆ ಸ್ವಾಮಿ, ಅದನ್ನ ಎಣಿಸೋಕೆ ನನಗೆ ಬರುತ್ತೆ. ನೀವು ಒಂದ್ಸಲ ಅದರ ಹೊಟ್ಟೆ ಮುಟ್ಟಿ ನೋಡಿ."

ಅವರು ಮುಟ್ಟಲಿಲ್ಲ. ಹಿಕ್ಕೆಯಕ್ಕ ಒಂಬತ್ತು ಗಂಟೆಯವರೆಗೆ ಕಾದರು. ದೊಡ್ಡ ಡಾಕ್ಟರ್ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ದೊರೆಯ ಟ್ರೇಯನ್ನು ಎರಡೂ ಕೈಯಲ್ಲಿ ಹೊತ್ತು ಒಳನುಗ್ಗಿ, ಅವರ ಕಾಗದಪತ್ರಗಳ ಮೇಲೆಯೇ ಇಟ್ಟರು. ಇದೇನಿದು, ಖಾಲಿ ಟ್ರೇ ತಂದಿದ್ದೀಯ ಎಂದು ಡಾಕ್ಟರ್ ಗದರಿದರು.

"ನಿನ್ನೆ ಸಂಜೆಯಿಂದ ಇದನ್ನ ನಾನು ತೊಳೆದಿಲ್ಲ ಸರ್."

ಡಾಕ್ಟರ್ ಟ್ರೇಯನ್ನು ನೋಡಿದರು. ಎದ್ದು ಗೂಡಿನತ್ತ ಬೇಗ ಬೇಗ ನಡೆದರು. ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿದರು. ಕರುಳು ಕಟ್ಟಿಕೊಂಡಿರಲಿಲ್ಲ, ನಿಧಾನಿಸಿ ನಿಂತಿತ್ತು. ನೋವಿಗೆ ಇಂಜೆಕ್ಷನ್, ಚರ್ಮದಡಿಗೆ ಬೆಚ್ಚಗಿನ ಸಲೈನ್, ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಗಂಜಿ ಎಂದು ಬರೆದರು. ಇನ್ನು ಅರ್ಧ ದಿನ ಹೋಗಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಹೇಳಿದ್ದು ಟೈಲರಿಗೆ. ಟ್ರೇ ತಂದವರಿಗೆ ಹೇಳಿದ್ದು, ಇದನ್ನು ತೆಗೆದುಕೊಂಡು ಹೋಗು ಎಂದು.

ಗಂಜಿ ಕುಡಿಸುವುದು ತರಬೇತಿ ಪಡೆದ ಸಿಬ್ಬಂದಿಯ ಕೆಲಸ, ಎಂದರೆ ಕಾಂಪೌಂಡರದ್ದು. ಅವರು ಮೊಲವನ್ನು ಅಂಗಾತ ಮಲಗಿಸಿ, ಸಿರಿಂಜ್ ಪೂರ್ತಿ ಒಂದೇ ಒತ್ತಿಗೆ ಖಾಲಿ ಮಾಡಿದರು. ಗಂಜಿ ಮೂಗಿನಿಂದ ಹೊರಬಂತು, ಮೊಲ ಕಾಲು ಬಡಿಯಿತು. ಹಿಕ್ಕೆಯಕ್ಕ ಒರೆಸುವ ಕೋಲು ಬಿಸಾಕಿ ಮೊಲವನ್ನು ಅವರ ಕೈಯಿಂದ ಕಿತ್ತುಕೊಂಡರು, ತಲೆ ತಗ್ಗಿಸಿ ಹಿಡಿದು ಮೂಗು ಒರೆಸಿದರು. ಸಮಜಾಯಿಷಿ ಕೇಳಿರುವುದು ಈ ಕಿತ್ತುಕೊಂಡದ್ದಕ್ಕೆ. ಅಂಗಾತ ಮಲಗಿಸಿದ್ದಕ್ಕೆ ಯಾರೂ ಯಾರನ್ನೂ ಏನೂ ಕೇಳಿಲ್ಲ.

ಆವತ್ತಿನಿಂದ, ಯಾರೂ ಒಪ್ಪಿಸದಿದ್ದರೂ, ಆರು, ಒಂಬತ್ತು, ಹನ್ನೆರಡರ ಸರದಿ ಹಿಕ್ಕೆಯಕ್ಕನದು. ಮೂರಕ್ಕೆ, ಆರಕ್ಕೆ ಟೈಲರ್ ಅಂಗಡಿಯಿಂದ ಓಡಿಬರುತ್ತಾರೆ. ಅವರಿಗೂ ಕಲಿಸಿದ್ದಾರೆ. ಮೊದಲ ದಿನ ಟೈಲರ್ ಕೈ ನಡುಗಿ ಗಂಜಿಯೆಲ್ಲ ತಮ್ಮ ಅಂಗಿಗೇ ಕುಡಿಸಿಕೊಂಡಾಗ, ಸೂಜಿಗೆ ದಾರ ಪೋಣಿಸೋವಾಗ ಹೀಗೇ ನಡುಗ್ತೀಯೇನಣ್ಣ ಎಂದು ಹಿಕ್ಕೆಯಕ್ಕ ಛೇಡಿಸಿದರಂತೆ. ಕ್ಯಾಲೆಂಡರ್ ಹಾಳೆಯ ಹಿಂದೆ ಅವರ ಬರಹ ಹೀಗಿದೆ: ಮೊದಲ ದಿನ ಸೊನ್ನೆ. ಮರುದಿನ ನಾಲ್ಕು, ಸಾಸಿವೆಯಷ್ಟು. ಆಮೇಲೆ ಹತ್ತೊಂಬತ್ತು, ಮೆಣಸಿನ ಕಾಳಿನಷ್ಟು. ಇಂದು ಅರವತ್ತೆರಡು, ಬಟಾಣಿ ಗಾತ್ರ. ಗಟ್ಟಿಮುಟ್ಟಾದ ಮೊಲ ದಿನಕ್ಕೆ ಇನ್ನೂರಕ್ಕೂ ಮೇಲೆ ಹಾಕುತ್ತದೆ; ದಾರಿ ಇನ್ನೂ ಇದೆ. ಆದರೆ ನಿನ್ನೆ ಮಧ್ಯಾಹ್ನ ದೊರೆ ಕೊತ್ತಂಬರಿ ಸೊಪ್ಪಿನ ಒಂದು ಎಸಳನ್ನು ತಾನಾಗಿಯೇ ಎಳೆದು ತಿಂದಿದೆ. ಅದನ್ನು ಹೇಳುವಾಗ ಮಾತ್ರ ಹಿಕ್ಕೆಯಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ.

ಏನು ಬೇಕು ನಿಮಗೆ ಎಂದರೆ ದೊಡ್ಡದೇನನ್ನೂ ಕೇಳುವುದಿಲ್ಲ. "ಫೋಟೋ ಬೇಡ, ಶಾಲು ಬೇಡ. ಆ ಚೀಟೀಲಿ ಇನ್ನೊಂದು ಮನೆ ಎಳೀಲಿ. ಹಿಕ್ಕೆ ಎಷ್ಟು ಅಂತ. ನಾನೇ ಎಣಿಸಬೇಕು ಅಂತಿಲ್ಲ, ಯಾರಾದ್ರೂ ಎಣಿಸಲಿ. ಒಂದು ಗೆರೆಗೆ ಎಷ್ಟು ಶಾಯಿ ಬೇಕು?"

ಹತ್ತು ಗಂಟೆ. ಮ್ಯಾನೇಜರ್ ಕೋಣೆಯಲ್ಲಿ ಹಿಕ್ಕೆಯಕ್ಕ ನಿಂತೇ ಇದ್ದಾರೆ, ಖಾಲಿ ಕುರ್ಚಿಗಳೆರಡಿವೆ. ದೊಡ್ಡ ಡಾಕ್ಟರ್ ಕಿಟಕಿಯ ಬಳಿ ಫೋನ್ ನೋಡುತ್ತ ಕೂತಿದ್ದಾರೆ. ಮ್ಯಾನೇಜರ್ ಕೆಟ್ಟವರಂತೆ ಮಾತಾಡುವುದಿಲ್ಲ. ತಪ್ಪಾಯಿತು, ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಒಂದು ಸಾಲು ಬರೆದರೆ ಸಾಕು, ಇಲ್ಲಿಗೇ ಮುಗಿಸೋಣ ಎನ್ನುತ್ತಾರೆ. ಹಿಕ್ಕೆಯಕ್ಕ ಆಗಲೇ ಬರೆದು ತಂದಿದ್ದ ಹಾಳೆಯನ್ನು ಮೇಜಿನ ಮೇಲಿಡುತ್ತಾರೆ. ದೊಡ್ಡ ದೊಡ್ಡ ಅಕ್ಷರ, ಒತ್ತಿ ಬರೆದದ್ದು: "ಮುಟ್ಟಿದ್ದು ನಿಜ. ಮೊಲ ಬದುಕಿದೆ. ಮುಂದೆಯೂ ಮುಟ್ಟುತ್ತೇನೆ."

ಮ್ಯಾನೇಜರ್ ಎರಡು ಸಲ ಓದುತ್ತಾರೆ. ಕೊನೆಯ ಸಾಲನ್ನು ಹೊಡೆದುಹಾಕು, ಉಳಿದದ್ದನ್ನು ನಾನು ಹೇಗೋ ನಿಭಾಯಿಸುತ್ತೇನೆ ಎಂದು ತಮ್ಮದೇ ಪೆನ್ನನ್ನು ಮುಂದಕ್ಕೆ ಚಾಚುತ್ತಾರೆ. ಡಾಕ್ಟರ್ ಫೋನಿನಿಂದ ತಲೆ ಎತ್ತುತ್ತಾರೆ. ಹಿಕ್ಕೆಯಕ್ಕ ಪೆನ್ನನ್ನು ಮುಟ್ಟುವುದಿಲ್ಲ.

"ನಾನು ಹೊಡೆಯಲ್ಲ ಸರ್. ನೀವೇ ಹೊಡೀರಿ. ಹೊಡೆದ ಕಡೆ ನಿಮ್ಮ ಸಹಿ ಹಾಕಿ."