ಮಸ್ತ್ ಸೆಲ್

ಮುಂಬಯಿ ಬಳಿಯ ಮಹಾಪೆಯ ಆಫೀಸಿನಿಂದ ವರ್ತಕ ನಗರದ ಮನೆಗೆ ಬಂದಾಗ ಅಮ್ಮ ರವೆಯ ಶಿರಾ ಮಾಡಿಟ್ಟು ಕಾಯುತ್ತಿದ್ದಳು.

"ಡಾಕ್ಟ್ರ ಫೋನ್ ಬಂದಿತ್ತು ಮಾರಾಯ್ತಿ. ಮಸ್ತ್ ಸೆಲ್ ಅಂತೆ! ಸುಮ್ನೆ ಹೆದರಿದ್ದು ನಾವು."

ನಮ್ಮ ನಾಯಿಯ ಹಿಂಗಾಲಿನಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟೊಂದು ಎದ್ದಿತ್ತು. ಕಲ್ಯಾಣದ ಪ್ರಾಣಿವೈದ್ಯರು ಸೂಜಿ ಚುಚ್ಚಿ ಒಳಗಿನದನ್ನು ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದ್ದರು. ನಾನು ತಿರುಗಿ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು, ಅವರು ಹೇಳಿದ್ದು ಮಾಸ್ಟ್ ಸೆಲ್ ಟ್ಯೂಮರ್. ಮನೆಯಲ್ಲಿ ತುಳು, ಹೊರಗೆ ಹಿಂದಿ ಆಡುವ ಅಮ್ಮನ ಕಿವಿಗೆ ಬಿದ್ದದ್ದು ಮಸ್ತ್. ತುಳುವಿನಲ್ಲಿ ಮಸ್ತ್ ಎಂದರೆ ಬಹಳ, ಮುಂಬಯಿ ಹಿಂದಿಯಲ್ಲಿ ಭೇಷ್. ಎರಡೂ ಸೇರಿ ಅವಳಿಗೆ ಖುಷಿಯೋ ಖುಷಿ. ಎದುರು ಮನೆಯಲ್ಲಿರುವ, ನಮ್ಮ ಕಟ್ಟಡದ ಸೊಸೈಟಿ ಸೆಕ್ರೆಟರಿಗೂ ಒಂದು ಬಟ್ಟಲು ಶಿರಾ ಕೊಟ್ಟು ಬಂದಿದ್ದಳು. ಅದು ಕ್ಯಾನ್ಸರ್ ಎಂದು ಆಗಲೇ ಹೇಳಲಿಲ್ಲ. ಶಿರಾ ತಿಂದು ಮುಗಿಸಿದ ಮೇಲೆ ಹೇಳಿದೆ.

ಅಮ್ಮ ದಿನಾ ತೆಂಗಿನೆಣ್ಣೆ ಹಚ್ಚಿ ಆ ಗಂಟನ್ನು ತಿಕ್ಕುತ್ತಿದ್ದಳು. ತಿಕ್ಕಿದಾಗ ಊದುತ್ತಿತ್ತು, ಮರುದಿನ ಇಳಿಯುತ್ತಿತ್ತು. ಇಳಿದದ್ದು ತನ್ನ ಎಣ್ಣೆಯಿಂದಲೇ ಎಂದು ನಂಬಿದ್ದಳು. ಶನಿವಾರ ಕಲ್ಯಾಣಕ್ಕೆ ಹೋದಾಗ ವೈದ್ಯರು ಇನ್ನು ತಿಕ್ಕಲೇಬೇಡಿ ಎಂದರು. ಮಾಸ್ಟ್ ಸೆಲ್ ಎಂದರೆ ಮೈ ಕಾಯುವ ಕೋಶ, ನಮ್ಮೆಲ್ಲರ ಚರ್ಮದಲ್ಲೂ ಇರುತ್ತದಂತೆ. ಅದಕ್ಕೆ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಹೊರಗಿನದೇನಾದರೂ ಅವುಗಳ ಕೈಗೆ ಸಿಕ್ಕಿದರೆ ಕೋಶ ತನ್ನೊಳಗಿನ ರಸವನ್ನೆಲ್ಲ ಚೆಲ್ಲುತ್ತದೆ, ಅಲ್ಲಿ ಊದಿ ಕೆಂಪಾಗುತ್ತದೆ. ನಮ್ಮ ನಾಯಿಯಲ್ಲಿ ಆ ಕೋಶಗಳೇ ಹದ್ದುಮೀರಿ ಬೆಳೆದಿದ್ದವು. ತಿಕ್ಕಿದರೂ ಸಾಕು, ಚೆಲ್ಲುತ್ತಿದ್ದವು.

"ವಾಚ್‌ಮನ್ನೇ ಮನೆಗೆ ನುಗ್ಗಿದ ಹಾಗಾಯ್ತಲ್ಲ," ಎಂದಳು ಅಮ್ಮ. ಆಮೇಲೆ ತನ್ನ ಅಂಗೈಗಳನ್ನೇ ನೋಡುತ್ತ ಕೂತಳು.

ಸುದ್ದಿ ಸೆಕ್ರೆಟರಿಗೂ ತಲುಪಿತು. ಲಿಫ್ಟಿನ ಮುಂದೆ ನಮ್ಮನ್ನು ತಡೆದು, "ಆಂಟಿ, ಬುಡ್ಢಾ ಹೋ ಗಯಾ ಹೈ. ಇಂಜೆಕ್ಷನ್ ದೇಕೆ ಸುಲಾ ದೋ," ಎಂದರು. ಮುದಿ ನಾಯಿ, ಸೂಜಿ ಚುಚ್ಚಿ ಮಲಗಿಸಿಬಿಡಿ ಎಂಬ ಪುಕ್ಕಟೆ ಸಲಹೆ. ಕ್ಯಾನ್ಸರ್ ಮಕ್ಕಳಿಗೆ ತಗುಲೀತು, ಅಲ್ಲಿಯವರೆಗೆ ಮೆಟ್ಟಿಲಿನಲ್ಲೇ ಕರೆದುಕೊಂಡು ಹೋಗಿ ಎಂದೂ ಸೇರಿಸಿದರು. ನಮ್ಮದು ಐದನೆಯ ಮಹಡಿ. ನನ್ನ ಪಿತ್ತ ನೆತ್ತಿಗೇರಿತು.

"ಇದು ಅಂಟುವ ರೋಗವಲ್ಲ. ಅದರದೇ ಮೈಯ ಕೋಶ ಅದಕ್ಕೆ ತಿರುಗಿಬಿದ್ದಿದೆ. ನಿಮ್ಮ ಮಕ್ಕಳ ಮೇಲೆ ಹಾರಿ ಕೂರುವುದಿಲ್ಲ," ಎಂದು ಅವರ ಮರಾಠಿಯಲ್ಲೇ ಹೇಳಿದೆ. ಅಷ್ಟರಲ್ಲಿ ಅಮ್ಮ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಾಯಿಯನ್ನು ಒಳಗೆ ಹತ್ತಿಸಿಯಾಗಿತ್ತು. ಆ ದಿನದಿಂದ ಬೇಕೆಂದೇ ನಾಯಿಯೊಂದಿಗೆ ಲಿಫ್ಟಿನಲ್ಲಿ ದಿನಕ್ಕೊಂದು ಸುತ್ತು ಹೆಚ್ಚು ಹತ್ತಿ ಇಳಿದೆವು.

ಆಪರೇಷನ್ ಮಾಡಿಸಿದೆವು. ನಮಗೆ ಪಿತ್ತಗಂದೆ ಎದ್ದಾಗ ನುಂಗುವಂಥದೇ ಮಾತ್ರೆಯನ್ನು ನಾಯಿಗೂ ಕೊಟ್ಟರು. ಅಮ್ಮ ಅದನ್ನು ಇಡ್ಲಿಯೊಳಗೆ ಬಚ್ಚಿಟ್ಟು ತಿನ್ನಿಸಿದಳು. ರಿಪೋರ್ಟು ಬಂದಾಗ ಈ ಸಲ ನಾನೇ ಹೋಗಿ, ವೈದ್ಯರ ಎದುರು ಕೂತು ಕೇಳಿದೆ. ಕೊಯ್ದ ಜಾಗದ ಒಂದು ಅಂಚಿನಲ್ಲಿ ಇನ್ನೂ ಆ ಕೋಶಗಳಿವೆ, ಮತ್ತೆ ಬರಬಹುದು ಎಂದರು. ಮನೆಗೆ ಬಂದು ಅಮ್ಮನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡಳು.

ಸಂಜೆ ನಾಯಿಯನ್ನು ಇಳಿಸುವಾಗ ಲಿಫ್ಟಿನಲ್ಲಿ ಸೆಕ್ರೆಟರಿ ಸಿಕ್ಕಿದರು. ಹೊಲಿಗೆ ಹಾಕಿದ ಕಾಲನ್ನು ನೋಡುತ್ತ, "ಅಬ್ ಕೈಸಾ ಹೈ?" ಎಂದು ವಿಚಾರಿಸಿದರು.

ಅಮ್ಮ ಅವರ ಮುಖವನ್ನೇ ನೆಟ್ಟಗೆ ನೋಡಿದಳು.

"ಮಸ್ತ್."

ಈ ಸಲ ಎಲ್ಲ ಗೊತ್ತಿದ್ದೇ ಹೇಳಿದ್ದಳು.