ಕತ್ತಲೆ ಕೋಣೆ ಬೆಳಗಿದ ಸೊಸೆ

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಸೊಸೆ ಲೋಟದ ತುಂಬ ಕಾಫಿ ಹಿಡಿದುಕೊಂಡು ಮಾವನವರ ಕೋಣೆಯ ಬಾಗಿಲು ತೆರೆದಳು. ಒಳಗೆ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ಮಾವನವರು ಯಾವುದೋ ಹಳೆಯ ನಾಟಕದ ಹಾಡನ್ನು ಗುನುಗುತ್ತಿದ್ದರು. ಹಾಡು ಬರುತ್ತಿದೆ ಅಂದರೆ ಮನಸ್ಸು ಚೆನ್ನಾಗಿದೆ, ಮನಸ್ಸು ಚೆನ್ನಾಗಿದ್ದಾಗಲೇ ಕಾಫಿ ಕೊಟ್ಟು ಒಳ್ಳೆಯವಳು ಅನ್ನಿಸಿಕೊಳ್ಳಬೇಕು ಎಂಬುದು ಅವಳ ಲೆಕ್ಕಾಚಾರ.

"ಅಯ್ಯೋ, ಹೀಗೆ ಕತ್ತಲಲ್ಲಿ ನಿಂತಿದೀರಲ್ಲ ಮಾವ," ಎಂದು ಮರುಗಿ ಬಾಗಿಲ ಪಕ್ಕದ ಸ್ವಿಚ್ ಒತ್ತಿದಳು.

ಹಾಡು ನಿಂತಿತು. ಮಾವನವರು ಹಸುಗೂಸಿಗೆ ಸ್ನಾನ ಮಾಡಿಸುವವರ ಹಾಗೆ ಒಂದು ಬಿಳಿಯ ತಟ್ಟೆಯೊಳಗೆ ಎರಡೂ ಕೈ ಅದ್ದಿಕೊಂಡು ಬಾಗಿ ನಿಂತಿದ್ದರು. ತಟ್ಟೆಯ ಔಷಧಿ ನೀರಲ್ಲಿ ಒಂದು ಫೋಟೋ ಫಿಲ್ಮು. ಫಿಲ್ಮಿನಲ್ಲಿ ಅಂಚೆ ಕಚೇರಿಯ ಸಮಸ್ತ ಸಿಬ್ಬಂದಿ, ನಟ್ಟನಡುವೆ ಅಂದೇ ನಿವೃತ್ತರಾದ ಪೋಸ್ಟ್‌ಮಾಸ್ಟರು. ನೋಡನೋಡುತ್ತಿದ್ದ ಹಾಗೆ ಬೆಳಕು ತಾಗಿ ಎಲ್ಲರೂ ಕಪ್ಪಿಟ್ಟು ಹೋದರು. ಇಡೀ ಕಚೇರಿಗೆ ಒಂದೇ ಏಟಿಗೆ ಮುಖಭಂಗ.

"ಕಾಫಿ ಅಲ್ಲಿಡಮ್ಮ," ಎಂದರು ಮಾವ. ಅಷ್ಟೇ. ಬೈದಿದ್ದರೆ ಅತ್ತು ಹಗುರವಾಗಬಹುದಿತ್ತು.

ವಿಳಾಸ ಸಿಗದೆ ವಾಪಸು ಬಂದ ಟಪಾಲಿನಂತೆ ಪೋಸ್ಟ್‌ಮಾಸ್ಟರು ಮರುದಿನ ತಮ್ಮದೇ ಕಚೇರಿಗೆ ಹಿಂತಿರುಗಿ, ಅದೇ ಕುರ್ಚಿಯಲ್ಲಿ ಕೂತು, ಎರಡನೆಯ ಸಲ ನಿವೃತ್ತರಾದರು. ಮೊದಲ ದಿನ ಕಣ್ಣೊರೆಸಿಕೊಂಡಿದ್ದ ಗುಮಾಸ್ತರು ಎರಡನೆಯ ದಿನ ಆಕಳಿಸಿದರು. ಚಿತ್ರದಲ್ಲಿ ಶಾಶ್ವತವಾಗಿ ಉಳಿದದ್ದು ಆಕಳಿಕೆಯೇ.

ಮನೆ ಬೆಳಗುವ ಸೊಸೆ ಬರಲಿ ಎಂದು ಎಲ್ಲರೂ ಹಾರೈಸುತ್ತಾರೆ. ಈ ಮನೆಯವರ ಹಾರೈಕೆ ಸ್ವಲ್ಪ ಹೆಚ್ಚಾಗಿಯೇ ಫಲಿಸಿತ್ತು. ಎದುರಿನ ಕ್ಷೌರದಂಗಡಿಯವನು ಅಂದೇ ಸಂಜೆ ಅವಳಿಗೆ 'ಲೈಟಮ್ಮ' ಎಂದು ಹೆಸರಿಟ್ಟ. ವಾರ ಕಳೆಯುವುದರೊಳಗೆ ಬೀದಿಯವರು ಅವಳ ನಿಜವಾದ ಹೆಸರು ಮರೆತರು.

ಪಾಪ, ತಪ್ಪು ಪೂರ್ತಿ ಅವಳದ್ದೂ ಅಲ್ಲ. ಆ ಮನೆಯ ಮುಂಭಾಗ ಸ್ಟುಡಿಯೋ, ಹಿಂಭಾಗ ಅಡುಗೆಮನೆ, ಎರಡರ ನಡುವೆ ಫಿಲ್ಮು ತೊಳೆಯುವ ಕತ್ತಲೆ ಕೋಣೆ. ಅದಕ್ಕೆ ಒಳಗಿನಿಂದ ಚಿಲಕವಿರಲಿಲ್ಲ. ಔಷಧಿಯ ವಾಸನೆಗೆ ತಲೆ ಸುತ್ತಿ ಬಿದ್ದರೆ ಬಾಗಿಲು ಒಡೆಯುವವರು ಯಾರು ಎಂಬುದು ಮಾವನವರ ವಾದ. ಚಿಲಕದ ಕೆಲಸವನ್ನೂ ಗಡಿಯಾರದ ಕೆಲಸವನ್ನೂ ಮಾಡುತ್ತಿದ್ದದ್ದು ಹಾಡು. ಕತ್ತಲಲ್ಲಿ ಗಡಿಯಾರ ಕಾಣುವುದಿಲ್ಲವಲ್ಲ. ಅದಕ್ಕೇ ಅವರು ಫಿಲ್ಮನ್ನು ಔಷಧಿಗೆ ಇಳಿಸಿದ ಕೂಡಲೇ ಹಾಡು ಹಿಡಿಯುತ್ತಿದ್ದರು. ಹಾಡು ಎರಡು ಸಲ ಸುತ್ತಿ ಮುಗಿದರೆ ಫಿಲ್ಮು ಹದವಾಯಿತು ಎಂದು ಅರ್ಥ. ಹಾಡು ಕೇಳುತ್ತಿರುವಷ್ಟು ಹೊತ್ತು ಬಾಗಿಲು ಮುಟ್ಟಬಾರದು ಎಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಸೊಸೆಗೆ ಮಾತ್ರ ಹೇಳಲು ಎಲ್ಲರೂ ಮರೆತಿದ್ದರು.

"ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ," ಎಂದ ಗಂಡ.

"ಹೇಗೆ ಗೊತ್ತಿರತ್ತೆ? ನಮ್ಮಪ್ಪ ಸ್ನಾನದ ಮನೇಲಿ ಮಾತ್ರ ಹಾಡ್ತಾರೆ," ಎಂದಳು ಅವಳು. ಮದುವೆಯಾದ ಹೊಸತು, ಗಂಡ ಹೆಂಡತಿಗೆ ಬಹುವಚನ ಕೊಡುತ್ತಿದ್ದ ಕಾಲ ಅದು. ಮುಂದೆ ಆ ಬಹುವಚನ ಏಕವಚನವಾಯಿತು, ಮನೆಯ ಜನಸಂಖ್ಯೆ ಬಹುವಚನವಾಯಿತು.

ಅವಳಿಗೆ ಬೇಕಾಗಿದ್ದುದು ಒಂದೇ: ಬಾಗಿಲ ಪರದೆಯ ಆಚೆ, ಸ್ಟುಡಿಯೋದಲ್ಲಿ, ಏನಾದರೊಂದು ಕೆಲಸ. ಗಿರಾಕಿಗೆ ಪೌಡರ್ ಡಬ್ಬಿ ಕೊಡುವುದಾದರೂ ಸರಿ, ಲೈಟಿನ ಕಂಬ ಹಿಡಿದು ನಿಲ್ಲುವುದಾದರೂ ಸರಿ. ಬೆಳಗಿನ ಅಡುಗೆ ಮುಗಿದ ಮೇಲೆ ಪರದೆಯ ಅಂಚು ಹಿಡಿದು ಇಣುಕುತ್ತಾ ನಿಲ್ಲುವಳು. "ಮಾವ, ನಾನು ಬರಲಾ?" ಎಂದು ಕೇಳುವಳು. ಪೋಸ್ಟ್‌ಮಾಸ್ಟರ ಪ್ರಕರಣದ ನಂತರವೂ ಮಾವನವರು ಮನಸ್ಸು ಕರಗಿಸಿ ಎರಡು ಅವಕಾಶ ಕೊಟ್ಟರು ಅನ್ನುವುದನ್ನು ಹೇಳಲೇಬೇಕು. ಇಲ್ಲವಾದರೆ ಅವರಿಗೆ ಅನ್ಯಾಯವಾಗುತ್ತದೆ.

ಮೊದಲನೆಯದು ಕೋಟಿನ ಅವಕಾಶ. ಆಗೆಲ್ಲ ಫೋಟೋ ತೆಗೆಸಿಕೊಳ್ಳುವುದೆಂದರೆ ಸಣ್ಣ ಸಂಗತಿಯೇ? ಎದುರಂಗಡಿಯಲ್ಲಿ ತಲೆ ಬಾಚಿಸಿಕೊಂಡು, ಇಲ್ಲಿ ಬಂದು ದಾರ ಕಟ್ಟಿದ ಬಾಚಣಿಗೆಯಿಂದ ಮತ್ತೆ ಬಾಚಿಕೊಂಡು, ಮುಖಕ್ಕೆ ಪೌಡರ್ ಬಡಿದು, ಸ್ಟುಡಿಯೋದ ಕರೀ ಕೋಟು ತೊಟ್ಟು, ಉಸಿರು ಬಿಗಿಹಿಡಿದು ಕೂರಬೇಕು. ಊರಿನ ಅರ್ಧ ಗಂಡಸರು ಜೀವಮಾನದಲ್ಲಿ ಕೋಟು ಹಾಕಿದ್ದು ಆ ಒಂದು ಸಲ, ಆ ಒಂದು ಕೋಟು. ಅದು ಎಲ್ಲರಿಗೂ ಹಿಡಿಸುತ್ತಿದ್ದ ಗುಟ್ಟೆಂದರೆ ಅದರ ಬೆನ್ನನ್ನು ಕೊರಳಿನಿಂದ ಸೊಂಟದವರೆಗೆ ಸೀಳಿಟ್ಟಿದ್ದರು. ದಪ್ಪಗಿದ್ದವರಿಗೆ ಬೆನ್ನು ಅರಳುತ್ತಿತ್ತು, ತೆಳ್ಳಗಿದ್ದವರಿಗೆ ಬಟ್ಟೆಯ ಕ್ಲಿಪ್ಪು ಬೀಳುತ್ತಿತ್ತು. ಮುಂದಿನಿಂದ ಎಲ್ಲರೂ ಸಾಹೇಬರೇ. "ಕೋಟಿನ ಧೂಳು ಕೊಡವಿಡಮ್ಮ," ಎಂದು ಮಾವ ಅವಳ ಕೈಗೆ ಕೊಟ್ಟರು. ಸೊಸೆ ನೋಡಿದಳು. ಇಷ್ಟು ದೊಡ್ಡ ಸ್ಟುಡಿಯೋ, ಹರಿದ ಕೋಟು. ಮಧ್ಯಾಹ್ನವೆಲ್ಲ ಕೂತು, ಹೊಲಿದದ್ದೇ ಗೊತ್ತಾಗದಷ್ಟು ಚೆಂದವಾಗಿ ಹೊಲಿದಳು. ಮರುದಿನ ಅದನ್ನು ತೊಟ್ಟವರು ಮರದ ಅಡ್ಡೆಯ ಸಾಹುಕಾರರು. ತೊಡುವಾಗ ಹೇಗೋ ತೊಟ್ಟರು. ಬಿಚ್ಚಲು ಮಾತ್ರ ಕ್ಷೌರದಂಗಡಿಯವನು ಕತ್ತರಿ ಸಮೇತ ಬರಬೇಕಾಯಿತು.

ಎರಡನೆಯದು ಹಂಸದ ಅವಕಾಶ. ಗಿರಾಕಿಗಳ ಹಿಂದೆ ಒಂದು ಚಿತ್ರದ ಪರದೆ ಇಳಿಬಿಟ್ಟಿತ್ತು: ಕೊಳ, ಮೆಟ್ಟಿಲು, ಒಂದು ಹಂಸ. ಅದನ್ನು ಒರೆಸುವೆನೆಂದು ಸೊಸೆ ಒದ್ದೆ ಬಟ್ಟೆ ತೆಗೆದುಕೊಂಡಳು. ಬಣ್ಣ ನೀರಿನದು. ಹಂಸದ ತಲೆ ಬಟ್ಟೆಗೆ ಬಂತು. ಗಾಬರಿಯಿಂದ ತಾನೇ ಹೊಸ ತಲೆ ಬರೆದಳು. ಕೊಕ್ಕು ಸ್ವಲ್ಪ ಅಗಲವಾಯಿತು. ಅಂದಿನಿಂದ ಊರಿನ ನವದಂಪತಿಗಳೆಲ್ಲ ಬಾತುಕೋಳಿಯ ಸನ್ನಿಧಿಯಲ್ಲೇ ಕೈ ಕೈ ಹಿಡಿದು ನಿಂತರು. ಈಗಲೂ ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಬಾತುಕೋಳಿ ಇದೆ. ಅದನ್ನು ನೋಡಿದವರಿಗೆ ತಮ್ಮ ಯೌವನ ನೆನಪಾಗುತ್ತದೆ. ಹಂಸವಾಗಿದ್ದರೆ ಇಷ್ಟು ನೆನಪಿರುತ್ತಿತ್ತೋ ಇಲ್ಲವೋ.

ಮಾವನವರ ತಾಳ್ಮೆ ಅಲ್ಲಿಗೆ ಮುಗಿಯಿತು. "ನೋಡಮ್ಮ, ನೀನು ಒಳ್ಳೆಯವಳು. ಅದರಲ್ಲಿ ಸಂಶಯವಿಲ್ಲ. ಆದರೆ ನಿನ್ನ ಒಳ್ಳೆಯತನ ಅಡುಗೆಮನೆ ದಾಟದೆ ಇರಲಿ. ಇನ್ನು ಈ ಕಡೆ ಬರಬೇಡ," ಎಂದರು.

ಅವಳು ಅಡುಗೆಮನೆಗೆ ಹೋಗಿ, ಇಂಗು ತಿಂದ ಮಂಗನಂತೆ ಪಾತ್ರೆಗಳ ಮುಂದೆ ಕೂತಳು. ಅಡುಗೆಮನೆಯ ಗೋಡೆಯೇ ಕತ್ತಲೆ ಕೋಣೆಯ ಗೋಡೆ. ಆಚೆಯಿಂದ ಹಾಡು ದಿನಾ ಕೇಳುತ್ತಿತ್ತು. ಈಗ ಅದರಲ್ಲೊಂದು ಹೊಸ ಸಾಲು ಸೇರಿತ್ತು. ಪ್ರತಿ ಚರಣ ಮುಗಿದ ಮೇಲೆ ಮಾವನವರು ರಾಗ ನಿಲ್ಲಿಸಿ, "ಬಾಗಿಲು ತೆಗೀಬೇಡಮ್ಮಾ," ಎಂದು ಕೂಗುವರು. ಅತ್ತೆ ಸೊಪ್ಪು ಬಿಡಿಸುತ್ತಲೇ, "ತೆಗೆಯಲ್ಲ, ತೆಗೆಯಲ್ಲ," ಎಂದು ಉತ್ತರ ಕೊಡುವರು. ಆಮೇಲೆ ಹಾಡು ಮುಂದುವರಿಯುವುದು. ಸೊಸೆಗೆ ಹಾಡು ಬಾಯಿಪಾಠವಾಗಿಹೋಯಿತು. ಮನಸ್ಸಿಟ್ಟು ಕಲಿತದ್ದಲ್ಲ. ಪಕ್ಕದ ಮನೆಯ ಜಗಳ ಬಾಯಿಪಾಠವಾಗುವುದಿಲ್ಲವೇ, ಹಾಗೆ.

ಹೀಗಿರುವಾಗ ಶಾಲೆಯವರ ಫೋಟೋ ಬಂತು. ವರ್ಷದ ಕೊನೆಯ ದಿನ. ತರಗತಿಗೊಂದರಂತೆ ಫಿಲ್ಮು, ಕೊನೆಗೆ ಶಾಲೆ ಬಿಟ್ಟು ಹೋಗುವ ದೊಡ್ಡ ತರಗತಿಯದ್ದು. ಮರುದಿನದಿಂದ ಆ ಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಕೆಟ್ಟರೆ ಮತ್ತೆ ನಿಲ್ಲಿಸಲು ಅವರು ಪೋಸ್ಟ್‌ಮಾಸ್ಟರಲ್ಲ. ಮಾವನವರು ಬೆಳಗಿನಿಂದ ಬಿಸಿಲಲ್ಲಿ ನಿಂತು, "ಅಲ್ಲಾಡಬೇಡ್ರೋ! ಏಯ್, ಕೊನೇ ಸಾಲು, ಕೊಂಬು ತೆಗಿ!" ಎಂದು ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು.

ಬಿಸಿನೀರು, ಉಪ್ಪು, ಎಲ್ಲ ಆಯಿತು. ಗಂಟಲು ಏಳಲಿಲ್ಲ. ಶಾಲೆಯವರು ಸಂಜೆಯ ಸಮಾರಂಭದಲ್ಲಿ ಹಂಚಲು ಚಿತ್ರ ಕೇಳಿದ್ದರು.

"ನಾನು ಹೊರಗೆ ಗಡಿಯಾರ ಹಿಡ್ಕೊಂಡು ನಿಲ್ತೀನಿ ಅಪ್ಪ. ಎಷ್ಟು ನಿಮಿಷ ಹೇಳಿ," ಎಂದ ಮಗ.

ಅಪ್ಪ ಮಗನ ಮುಖ ನೋಡಿದರು. ಇಷ್ಟು ವರ್ಷ ಹಾಡಿದ ಹಾಡು ಎಷ್ಟು ನಿಮಿಷದ್ದು ಎಂದು ಯಾರೂ ಅಳೆದಿರಲಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ನೋಡೋಣವೆಂದರೆ ಔಷಧಿ ಅವರೇ ಬೆರೆಸಿಕೊಂಡದ್ದು, ಅವರ ಕೈಯ ಹದದ್ದು.

"ಮನಸ್ಸಲ್ಲೇ ಹಾಡ್ಕೊಳ್ಳಿ," ಎಂದರು ಅತ್ತೆ.

"ಮನಸ್ಸಲ್ಲಿ ಬೇಗ ಮುಗಿದುಬಿಡತ್ತೆ ಕಣೇ," ಎಂದು ಪಿಸುಗುಟ್ಟಿದರು ಮಾವ.

ಕೊನೆಗೆ ಮಗನೇ ಹಾಡುವುದೆಂದು ತೀರ್ಮಾನವಾಯಿತು. ಚಿಕ್ಕ ಮಕ್ಕಳ ತರಗತಿಯ ಒಂದು ಫಿಲ್ಮನ್ನು ಮೊದಲು ಇಳಿಸಿದರು. ಅವರು ರಜೆ ಮುಗಿಸಿ ಇದೇ ಶಾಲೆಗೆ ಬರುವವರು, ಕೆಟ್ಟರೆ ಮತ್ತೆ ತೆಗೆಯಬಹುದು. ಮಗ ಸಂಗೀತ ಕಲಿತವನು. ಶ್ರುತಿ ಶುದ್ಧ, ತಾಳ ಶುದ್ಧ, ಎಲ್ಲ ಶುದ್ಧ. ಎರಡು ಸುತ್ತು ಹಾಡಿ ಮುಗಿಸಿದ. ದೀಪ ಹಾಕಿ ನೋಡಿದರೆ ಫಿಲ್ಮು ಅರೆಬೆಂದಿತ್ತು. ಮಕ್ಕಳೆಲ್ಲ ಮಂಜಿನಲ್ಲಿ ನಿಂತ ಪಿಶಾಚಿಗಳಂತೆ ಮಸುಕು ಮಸುಕಾಗಿದ್ದರು.

ಮಾವನವರು ಗೋಡೆಗೆ ಒರಗಿದರು. ಮಿಕ್ಕ ತರಗತಿಗಳದ್ದು ಹೇಗೋ ಆದೀತು, ಕೆಡಬಾರದ್ದು ದೊಡ್ಡ ತರಗತಿಯ ಫಿಲ್ಮು.

ಆಗ ಬಾಗಿಲ ಪರದೆಯ ಆಚೆಯಿಂದ ಒಂದು ದನಿ ಬಂತು. "ಅಲ್ಲಾ, ಇವರು ಕೆಮ್ಮಲೇ ಇಲ್ಲವಲ್ಲ."

"ಏನಂದೆ?" ಎಂದರು ಅತ್ತೆ.

"ಎರಡನೇ ಸಾಲು ಆದ್ಮೇಲೆ ಮಾವ ಕೆಮ್ತಾರೆ. ಆಮೇಲೆ ಒಂದು ಕಡೆ ಪದ ಮರೆತುಹೋಗಿ ಸುಮ್ಮನೆ ಎಳೀತಾರೆ. ಇವರು ಸರಿಯಾಗಿ ಹಾಡಿಬಿಟ್ರು. ಸರಿಯಾಗಿ ಹಾಡಿದ್ರೆ ಹೇಗೆ ಸರಿಹೋಗತ್ತೆ?"

ಮಗನ ಮುಖ ಸಣ್ಣಗಾಯಿತು. ಮಾವನವರು ಪರದೆಯ ಕಡೆ ತಿರುಗಿದರು. ಆಮೇಲೆ ಬಾ ಎಂದು ಕೈ ಮಾಡಿದರು.

ಈ ಸಲ ಕೆಟ್ಟರೆ ಅಡುಗೆಮನೆಯೇ ಶಾಶ್ವತ, ಅದರಲ್ಲಿ ಅನುಮಾನವಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಕತ್ತಲಲ್ಲಿ ಎಲ್ಲೋ ನೀರು ಅಲುಗಿದ ಸದ್ದು. ಮಾವನವರು ಅವಳ ಭುಜ ತಟ್ಟಿದರು. ಅವಳು ಹಾಡು ಹಿಡಿದಳು. ರಾಗ ಅಲ್ಲಲ್ಲಿ ಜಾರಿತು. ಎರಡನೆಯ ಸಾಲಾದ ಮೇಲೆ ಥೇಟು ಮಾವನವರ ಹಾಗೆ ಕೆಮ್ಮಿದಳು. ಪದ ಮರೆಯಬೇಕಾದಲ್ಲಿ ನಿಷ್ಠೆಯಿಂದ ಮರೆತಳು. ಚರಣ ಮುಗಿಯಿತು. ಇಲ್ಲಿ ಅವಳಿಗೆ ನಾಚಿಕೆಯಾಗಿರಬೇಕು. ನಂತರ ಗಟ್ಟಿ ಮನಸ್ಸು ಮಾಡಿ ಕೂಗಿದಳು: "ಬಾಗಿಲು ತೆಗೀಬೇಡಮ್ಮಾ!"

"ತೆಗೆಯಲ್ಲ, ತೆಗೆಯಲ್ಲ," ಎಂದರು ಹೊರಗಿನಿಂದ ಅತ್ತೆ, ಅಭ್ಯಾಸಬಲದಿಂದ.

ಎರಡು ಸುತ್ತು ಮುಗಿಯಿತು. ಫಿಲ್ಮನ್ನು ಇನ್ನೊಂದು ತಟ್ಟೆಯಲ್ಲಿ ಅದ್ದಿ, ತೊಳೆದು, ಮಾವನವರು ದೀಪ ಹಾಕಿದರು. ಫಿಲ್ಮನ್ನು ಬೆಳಕಿಗೆ ಎತ್ತಿ ಹಿಡಿದರು. ನೆಗೆಟಿವ್ ಆದ್ದರಿಂದ ಕರೀ ಮುಖ, ಬಿಳೀ ಕೂದಲಿನ ಮಕ್ಕಳು ಸಾಲುಸಾಲಾಗಿ, ಒಂದೊಂದು ಗುಂಡಿಯೂ ಎಣಿಸುವ ಹಾಗೆ ನಿಂತಿದ್ದರು. ಕೊನೆಯ ಸಾಲಿನವನು ಮುಂದಿನವನ ತಲೆಗೆ ಇಟ್ಟ ಕೊಂಬು ಕೂಡ ಸ್ಪಷ್ಟವಾಗಿತ್ತು. ಮಾವನವರು ಆ ಕೊಂಬನ್ನು ನೋಡಿ ನಕ್ಕದ್ದು ಅದೇ ಮೊದಲು, ಅದೇ ಕೊನೆ.

ಆಮೇಲೆ ಅವಳು ಆ ಸ್ಟುಡಿಯೋದಲ್ಲಿ ಎಷ್ಟು ಕಾಲ ದುಡಿದಳೆಂದರೆ, ಅವಳು ಚಿತ್ರ ತೆಗೆದ ಕೂಸುಗಳೇ ದೊಡ್ಡವರಾಗಿ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದರು. ಕತ್ತಲೆ ಕೋಣೆ ಈಗ ಹಳೆಯ ಡಬ್ಬಿಗಳನ್ನು ಒಟ್ಟುವ ಕೋಣೆಯಾಗಿದೆ. ಈ ಕಾಲದ ಚಿತ್ರಗಳಿಗೆ ಕತ್ತಲೂ ಬೇಡ, ಹಾಡೂ ಬೇಡ, ಕಾಯುವುದಂತೂ ಬೇಡವೇ ಬೇಡ. ಆದರೂ ಆ ಬೀದಿಯ ಹಳಬರು ಒಂದೆಡೆ ಸೇರಿದರೆ ಮಾತು ಹೇಗೋ ಆ ಸಂಜೆಗೆ ಬಂದು ನಿಲ್ಲುತ್ತದೆ.

ಆ ಸಂಜೆ ಚಿತ್ರಗಳನ್ನು ಶಾಲೆಗೆ ತಲುಪಿಸಿ ಎಲ್ಲರೂ ಸ್ಟುಡಿಯೋದಲ್ಲಿ ಕೂತಿದ್ದರು. ಸುದ್ದಿ ಕೇಳಿ ಕ್ಷೌರದಂಗಡಿಯವನು ಬಂದಿದ್ದ. ಎರಡು ಸಲ ನಿವೃತ್ತರಾದ ಪೋಸ್ಟ್‌ಮಾಸ್ಟರೂ ಬಂದಿದ್ದರು.

"ಲೈಟಮ್ಮನಿಗೆ ಕತ್ತಲೇಲೂ ಕೆಲಸ ಬರತ್ತೆ ಅಂತ ಆಯ್ತು," ಎಂದ ಕ್ಷೌರದಂಗಡಿಯವನು.

"ನನ್ನ ಕಾಲಕ್ಕೇ ಬಂದಿದ್ದರೆ ಚೆನ್ನಾಗಿತ್ತು," ಎಂದರು ಪೋಸ್ಟ್‌ಮಾಸ್ಟರು.

ಮಾವನವರ ಗಂಟಲು ಬಿಸಿ ಕಾಫಿಗೆ ಅಷ್ಟಿಷ್ಟು ತೆರೆದಿತ್ತು. ಅವರು ಸೊಸೆಯನ್ನು ಎದುರಿನ ಕುರ್ಚಿಯಲ್ಲಿ, ಗಿರಾಕಿಗಳು ಕೂರುವ ಕುರ್ಚಿಯಲ್ಲೇ, ಕೂರಿಸಿದರು. "ನಾಳೆಯಿಂದ ನೀನು ಇಲ್ಲೇ ಇರಮ್ಮ. ಕ್ಯಾಮೆರಾನೂ ಹೇಳಿಕೊಡ್ತೀನಿ," ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ ಎದೆ ಉಬ್ಬಿಸಿ ಕೂತ. ಮಧ್ಯಾಹ್ನದ ಅವಮಾನ ಆಗಲೇ ಮರೆತಿತ್ತು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದರು ಮಾವ. ಅವರ ದನಿ ಗದ್ಗದವಾಗಿತ್ತೋ ಗಂಟಲೇ ಹಾಗಿತ್ತೋ ಹೇಳುವುದು ಕಷ್ಟ. "ಬಂದ ದಿನದಿಂದ ನೋಡ್ತಿದೀನಿ. ಬೇಡ ಅಂದ್ರೂ ಬರ್ತೀಯ, ಬೈದ್ರೂ ಬರ್ತೀಯ, ಪರದೆ ಹಿಡ್ಕೊಂಡು ನಿಂತಿರ್ತೀಯ. ನಲವತ್ತು ವರ್ಷ ಈ ಕೆಲಸ ಮಾಡಿದೀನಿ, ನನ್ನ ಮಗನಲ್ಲೂ ಇಷ್ಟು ಆಸೆ ನೋಡಿಲ್ಲ. ಇಲ್ಲಿ ನಿನ್ನನ್ನ ಎಳೆಯೋದು ಯಾವುದಮ್ಮ? ಬೆಳಕಾ, ನೆರಳಾ, ಮನುಷ್ಯರ ಮುಖಗಳಾ?"

ಎಲ್ಲರೂ ಅವಳನ್ನೇ ನೋಡಿದರು. ಸೊಸೆ ಪ್ರಾಮಾಣಿಕವಾಗಿ ಯೋಚಿಸಿದಳು.

"ಫ್ಯಾನು, ಮಾವ," ಎಂದಳು. "ಅಡುಗೆಮನೇಲಿ ಇಲ್ಲವಲ್ಲ."